ಚಾರ್ಜರ್ ಮೇಲೆ 1000 ಎಂಎ ಅಂತ ಬರ್ದಿದೆ, ನಿಜಕ್ಕೂ ಎಷ್ಟು ಬರ್ತಿದೆ? ಮನೇಲೇ ಅಳೆದು ನೋಡೋದು ಹೇಗೆ

ನಮ್ ಚಿಕ್ಕಪ್ಪ ತೀರ್ಥಹಳ್ಳಿ ಕಡೆ ತೋಟದಲ್ಲಿರೋದು. ಅಲ್ಲಿ ತ್ರೀ ಫೇಸ್ ಕರೆಂಟ್ ಬರೋದೇ ಹೊತ್ತಲ್ಲದ ಹೊತ್ತಲ್ಲಿ, ಹಂಗಾಗಿ ರಾತ್ರಿ ಹೊಳೆ ಹತ್ರ ಮೋಟರ್ ಹಾಕಕ್ಕೆ ಹೋಗ್ಬೇಕು ಅಂದ್ರೆ ತಲೆಗೆ ಕಟ್ಕೊಳೋ ಹೆಡ್‌ಲೈಟ್ ಬೇಕೇ ಬೇಕು. ಹೋದ್ ವರ್ಷ ಫೋನ್ ಮಾಡಿ "ಸೆಲ್ಲೇ ಸರಿ ಇಲ್ಲ ಮಾರಾಯ, ರಾತ್ರಿ ಪೂರ್ತಿ ಚಾರ್ಜಿಗೆ ಹಾಕಿದ್ರೂ ಅರ್ಧ ದಾರಿಗೇ ಮಂಕಾಗತ್ತೆ, ಬೆಂಗಳೂರಿಂದ ಒಳ್ಳೇದು ಎರಡು ತಗಂಡ್ ಬಾ" ಅಂದ್ರು. 2600 ಎಂಎಎಚ್‌ದು (ಎಂಎಎಚ್ ಅಂದ್ರೆ ಸೆಲ್ ಎಷ್ಟು ಚಾರ್ಜ್ ಹಿಡಿಯತ್ತೆ ಅನ್ನೋ ಲೆಕ್ಕ) ಒಳ್ಳೆ 18650 ಸೆಲ್ ಎರಡು ತಗಂಡು ಹೋಗಿ ಕೊಟ್ಟೆ. ಹದಿನೈದು ದಿನಕ್ಕೆ ಮತ್ತೆ ಫೋನು, ಮತ್ತೆ ಅದೇ ಕಥೆ. ಆವಾಗ್ಲೇ ನಂಗೆ ಅನ್ಸಿದ್ದು, ಸೆಲ್ ಅಲ್ಲ, ಹೆಡ್‌ಲೈಟ್ ಜೊತೆ ಫ್ರೀ ಬಂದಿತ್ತಲ್ಲ ಆ ಗೋಡೆಗೆ ಚುಚ್ಚೋ ಪುಟಾಣಿ ಚಾರ್ಜರ್, ಅದನ್ನ ಯಾರೂ ಅನುಮಾನದಿಂದ ನೋಡೇ ಇಲ್ಲ ಅಂತ. ಅದರ ಬೆನ್ನಲ್ಲಿ "ಔಟ್‌ಪುಟ್ 4.2 ವೋಲ್ಟ್ 1000 ಎಂಎ" ಅಂತ ಚೆಂದವಾಗಿ ಪ್ರಿಂಟ್ ಆಗಿತ್ತು. ಎಂಎ ಅಂದ್ರೆ ಮಿಲಿಆಂಪ್, ಆಂಪಿನ ಸಾವಿರದ ಒಂದು ಪಾಲು. ಅಳೆದು ನೋಡಿದ್ರೆ ಅರ್ಧ ಚಾರ್ಜ್ ಆಗಿರೋ ಸೆಲ್‌ಗೆ ಅದು ಕೊಡ್ತಾ ಇದ್ದಿದ್ದು 280.

ಈ ಅಳತೆ ಮಾಡೋದು ಕಷ್ಟ ಏನಲ್ಲ, ಆದ್ರೆ ತಪ್ಪಾಗಿ ಮಾಡೋದು ತುಂಬಾ ಸುಲಭ. ಮಲ್ಟಿಮೀಟರ್ ಇಟ್ಟು ಅಳೆದೆ, ಇಷ್ಟೇ ಬಂತು, ಮೋಸ ಅಂತ ಬೈಯ್ಯೋರಲ್ಲಿ ತುಂಬಾ ಜನ ಅಳೆದಿರೋ ರೀತಿನೇ ಸರಿ ಇರಲ್ಲ, ನಾನೂ ಮೊದ್ಲು ಹಂಗೇ ಮಾಡಿದ್ದು. ಅದಕ್ಕೆ ನಾನು ಈಗ ಹೇಗೆ ಮಾಡ್ತೀನಿ ಅಂತ ಮೊದಲಿಂದ ಬರೀತಿದೀನಿ. ಇದು 3.7 ವೋಲ್ಟಿನ ಒಂಟಿ ಲಿಥಿಯಂ ಸೆಲ್ ಚಾರ್ಜರ್‌ಗಳಿಗೆ ಮಾತ್ರ, ಅಂದ್ರೆ 18650, 21700, 14500 ಇಂಥವು. ಔಷಧಿ ಹೊಡೆಯೋ ಸ್ಪ್ರೇಯರ್ ಬ್ಯಾಟರಿ, ಸ್ಕೂಟರ್ ಬ್ಯಾಟರಿ ಎಲ್ಲ ಬೇರೆ ವಿಷಯ, ಅದಕ್ಕೆ ಇದನ್ನ ಹಂಗೇ ತಗಂಡೋಗಿ ಮಾಡಕ್ಕೆ ಹೋಗ್ಬೇಡಿ.

ಮೊದ್ಲು ಒಂದು ವಿಷಯ ತಲೇಲಿರಲಿ

ಒಳ್ಳೆ ಚಾರ್ಜರ್ ಏನ್ ಮಾಡತ್ತೆ ಅಂದ್ರೆ, ಸೆಲ್ ಖಾಲಿ ಇದ್ದಾಗಿಂದ ಹೆಚ್ಚುಕಮ್ಮಿ 4.1, 4.2 ವೋಲ್ಟ್ ಮುಟ್ಟೋ ತನಕ ಒಂದೇ ಸಮ ಕರೆಂಟ್ ಕೊಡತ್ತೆ, ಆಮೇಲೆ ವೋಲ್ಟೇಜನ್ನ 4.2ರಲ್ಲಿ ಹಿಡಿದಿಟ್ಟು ಕರೆಂಟನ್ನ ನಿಧಾನಕ್ಕೆ ಇಳಿಯಕ್ಕೆ ಬಿಡತ್ತೆ, ಕೊನೆಗೆ ಹತ್ತನೇ ಒಂದು ಭಾಗಕ್ಕೆ ಇಳಿದ್ಮೇಲೆ ಪೂರ್ತಿ ಕಟ್ ಮಾಡತ್ತೆ. ಅಗ್ಗದ ಗೋಡೆ ಚಾರ್ಜರ್‌ಗಳಲ್ಲಿ ಈ ಯಾವ ಬುದ್ಧಿನೂ ಇರಲ್ಲ. ಒಂದು ಸಣ್ಣ ಟ್ರಾನ್ಸ್‌ಫಾರ್ಮರ್, ಒಂದು 13001 ಟ್ರಾನ್ಸಿಸ್ಟರ್, ಒಂದು ಎಲ್‌ಇಡಿ, ಮುಗೀತು. ಅದು ಹೆಚ್ಚುಕಮ್ಮಿ 4.2 ವೋಲ್ಟಿನ ಮೂಲಕ್ಕೆ ಒಂದೆರಡು ಓಮ್ ರೆಸಿಸ್ಟರ್ ಸಿಗ್ಸಿದ ಹಂಗೆ ನಡ್ಕೊಳತ್ತೆ. ಸೆಲ್ ಖಾಲಿ ಇದ್ದಾಗ ಜೋರಾಗಿ ಹರಿಯತ್ತೆ, ಸೆಲ್ ತುಂಬ್ತಾ ತುಂಬ್ತಾ ಸೊರಗತ್ತೆ.

ಹಂಗಾಗಿ "ಈ ಚಾರ್ಜರ್ ಎಷ್ಟು ಕರೆಂಟ್ ಕೊಡತ್ತೆ" ಅನ್ನೋ ಪ್ರಶ್ನೆಗೆ ಒಂದೇ ನಂಬರ್ ಉತ್ತರ ಇಲ್ಲ. ಸೆಲ್ ಎಷ್ಟು ವೋಲ್ಟಲ್ಲಿದ್ದಾಗ ಅಂತ ಜೊತೆಗೆ ಹೇಳ್ಲೇಬೇಕು. ಒಂದೇ ಸಲ ಅಳೆಯೋ ಪುರುಸೊತ್ತಿದ್ರೆ ಸೆಲ್ 3.7ರ ಆಸುಪಾಸಲ್ಲಿದ್ದಾಗ ಅಳೀರಿ, ಯಾಕಂದ್ರೆ ಸೆಲ್ಲಿನ ಚಾರ್ಜಲ್ಲಿ ಜಾಸ್ತಿ ಪಾಲು ತುಂಬೋದು 3.6ರಿಂದ 4.0ರ ಮಧ್ಯದಲ್ಲಿ. ತುಂಬಿರೋ ಸೆಲ್ ಹಾಕಿ "ಬರೀ 90 ಎಂಎ ಬರ್ತಿದೆ" ಅನ್ನೋದು ಅನ್ಯಾಯ, ಎಷ್ಟೇ ಒಳ್ಳೆ ಚಾರ್ಜರ್ ಆದ್ರೂ ಆವಾಗ ಅಷ್ಟೇ ಕೊಡೋದು, ಅಷ್ಟೇ ಕೊಡ್ಬೇಕು ಕೂಡ.

ಬೇಕಾಗಿರೋ ಸಾಮಾನು

ಒಂದು ಮಲ್ಟಿಮೀಟರ್, ಅಗ್ಗದ್ದಾದ್ರೂ ಪರವಾಗಿಲ್ಲ. ಎರಡಿದ್ರೆ ಇನ್ನೂ ಅನುಕೂಲ, ಒಂದು ಕರೆಂಟಿಗೆ ಇನ್ನೊಂದು ವೋಲ್ಟೇಜಿಗೆ. 1 ಓಮ್, ಕಾಲು ವ್ಯಾಟ್, ಶೇಕಡಾ 1 ಟಾಲರೆನ್ಸಿನ ಮೆಟಲ್ ಫಿಲ್ಮ್ ರೆಸಿಸ್ಟರ್ ಹತ್ತು, ಬೆಂಗಳೂರಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡೀಲಿ ಕೇಳಿದ್ರೆ ಚಿಲ್ಲರೆ ಕಾಸಿಗೆ ಸಿಗತ್ತೆ. ಸ್ವಲ್ಪ ಕಾಪರ್ ಟೇಪ್, ಒಂದು ಹಳೇ ಮದುವೆ ಕಾರ್ಡು, ದಪ್ಪ ವೈರು, ಸೋಲ್ಡರಿಂಗ್ ಐರನ್. ಯುಎಸ್‌ಬಿ ಚಾರ್ಜರ್ ಆದ್ರೆ ಒಂದು ಯುಎಸ್‌ಬಿ ಮೀಟರ್.

ಇದೆಲ್ಲಕ್ಕಿಂತ ಮುಖ್ಯ ಒಂದು ಒಳ್ಳೆ ಸೆಲ್. ಹಳೇ ಲ್ಯಾಪ್‌ಟಾಪ್ ಬ್ಯಾಟರಿಯಿಂದ ಕಿತ್ತ ಸೆಲ್‌ಗಳ ಒಳಗಿನ ರೆಸಿಸ್ಟೆನ್ಸ್ ಏರಿರತ್ತೆ, ಕರೆಂಟ್ ಹರಿದ ತಕ್ಷಣ ಅದರ ವೋಲ್ಟೇಜ್ ಸುಳ್ಳು ಸುಳ್ಳೇ ಮೇಲೆ ಹಾರಿ ಚಾರ್ಜರ್‌ಗೆ ಸೆಲ್ ತುಂಬಿದೆ ಅಂತ ಅನ್ಸತ್ತೆ, ಅದು ಕರೆಂಟ್ ಇಳಿಸ್ಬಿಡತ್ತೆ, ನೀವು ಚಾರ್ಜರ್‌ನ ಬೈತೀರ. 9900 ಎಂಎಎಚ್ ಅಂತ ಬರ್ದಿರೋ ಸೆಲ್‌ನಂತೂ ಮುಟ್ಟಲೇಬೇಡಿ. 18650 ಅಂದ್ರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಆ ಡಬ್ಬಿಯೊಳಗೆ 3500 ಹಿಡಿಸೋದೇ ದೊಡ್ಡ ಕಂಪನಿಗಳಿಗೆ ಹೆಚ್ಚುಕಮ್ಮಿ ಮಿತಿ, 9900 ಎಲ್ಲಿಂದ ಬರತ್ತೆ.

ಶುರು ಮಾಡೋಕೆ ಮುಂಚೆ ಹುಷಾರು

ಗೋಡೆಗೆ ನೇರ ಚುಚ್ಚೋ ಅಗ್ಗದ ಚಾರ್ಜರ್‌ಗಳಲ್ಲಿ 230 ವೋಲ್ಟಿಗೂ ಸೆಲ್ ಕೂರೋ ಜಾಗಕ್ಕೂ ಮಧ್ಯೆ ಇರೋ ಅಂತರ ಕೆಲವು ಸಲ ನೋಡಿದ್ರೆ ಹೆದರಿಕೆ ಆಗತ್ತೆ. ಹಂಗಾಗಿ ಎಲ್ಲ ಕನೆಕ್ಷನ್ ಮೊದ್ಲೇ ಮಾಡ್ಕೊಂಡು, ಆಮೇಲೆ ಸ್ವಿಚ್ ಹಾಕಿ. ಏನಾದ್ರೂ ಬದಲಾಯಿಸ್ಬೇಕಾ, ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಆಮೇಲೆ ಕೈ ಹಾಕಿ. ಸ್ವಿಚ್ ಆನ್ ಇರೋವಾಗ ಸೆಲ್ಲಿನ ತುದಿ, ಪ್ರೋಬಿನ ತುದಿ ಯಾವುದನ್ನೂ ಬೆರಳಲ್ಲಿ ಮುಟ್ಬೇಡಿ. ಲೈನ್ ಟೆಸ್ಟರ್ ಇಟ್ಟು ನೋಡಿದಾಗ ಸೆಲ್ ಕೂರೋ ಪಟ್ಟಿ ಹತ್ರ ಜೋರಾಗಿ ಉರಿದ್ರೆ ಟೆಸ್ಟೂ ಬೇಡ ಏನೂ ಬೇಡ, ಆ ಚಾರ್ಜರ್ ಮನೇಲಿ ಇಟ್ಕೊಳೋದೇ ಬೇಡ. ಚಾರ್ಜರ್ ಬಿಚ್ಚಿ ನೋಡೋ ಆಸೆ ಇದ್ರೆ ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಡಿ, ಒಳಗಿರೋ ದೊಡ್ಡ ಕೆಪಾಸಿಟರ್ 300 ವೋಲ್ಟ್ ಹಿಡಿದಿಟ್ಕೊಂಡು ಕೂತಿರತ್ತೆ.

ಟೆಸ್ಟ್ ಮಾಡೋದು ಗ್ರಾನೈಟ್ ಕಟ್ಟೆ ಮೇಲೋ ಟೈಲ್ಸ್ ಮೇಲೋ ಆಗ್ಲಿ, ಹಾಸಿಗೆ ಮೇಲೆ ಪೇಪರ್ ಹಾಸ್ಕೊಂಡು ಅಲ್ಲ. 2.5 ವೋಲ್ಟಿಗಿಂತ ಕೆಳಗೆ ಬಿದ್ದು ತಿಂಗಳಾನುಗಟ್ಟಲೆ ಹಂಗೇ ಇದ್ದ ಸೆಲ್, ಪ್ಲಾಸ್ಟಿಕ್ ಸಿಪ್ಪೆ ಹರಿದ ಸೆಲ್ ಇವುಗಳನ್ನ ಹಾಕ್ಬೇಡಿ. ಚಾರ್ಜ್ ಆಗೋವಾಗ ಸೆಲ್ ಸ್ವಲ್ಪ ಬೆಚ್ಚಗಾಗೋದು ಸರಿ, ಕೈಯಲ್ಲಿ ಹಿಡಿಯಕ್ಕೆ ಹಿತ ಅನ್ಸದಷ್ಟು ಬಿಸಿ ಆದ್ರೆ ನಿಲ್ಸಿ.

ಮಲ್ಟಿಮೀಟರ್‌ನ ಎಂಎ ತೂತಿಗೆ ಹಾಕ್ಬೇಡಿ

ಎಲ್ಲರೂ ಮೊದ್ಲು ಮಾಡೋದೇ ಇದು. ಅಗ್ಗದ ಮೀಟರಲ್ಲಿ ಆ ತೂತಿನ ಹಿಂದೆ 200 ಎಂಎ ಫ್ಯೂಸ್ ಇರತ್ತೆ, ಅದಕ್ಕಿಂತ ತುಂಬಾ ಜಾಸ್ತಿ ಕರೆಂಟ್ ಹರಿದ್ರೆ ಟಿಕ್ ಅಂತ ಹೋಗತ್ತೆ. ಫ್ಯೂಸ್ ದೊಡ್ಡದಿದ್ದು ಹೋಗ್ಲಿಲ್ಲ ಅಂದ್ರೆ ಇನ್ನೂ ಕೆಟ್ಟದ್ದು, ಯಾಕಂದ್ರೆ ತಪ್ಪು ರೀಡಿಂಗ್ ಬರತ್ತೆ, ಅದು ತಪ್ಪು ಅಂತ ಗೊತ್ತೂ ಆಗಲ್ಲ. ಎಂಎ ರೇಂಜಲ್ಲಿ ಮೀಟರ್ ಒಳಗೆ ಸುಮಾರು 1 ಓಮ್ ಕೂತಿರತ್ತೆ. ಚಿಕ್ಕಪ್ಪನ ಚಾರ್ಜರ್ ಒಳಗಿನ ರೆಸಿಸ್ಟೆನ್ಸೇ 2 ಓಮ್, ಅದಕ್ಕೆ ಮೀಟರಿನ 1 ಓಮ್ ಸೇರಿದ್ರೆ 3 ಆಯ್ತು, 280 ಬರೋ ಕಡೆ 190 ತೋರ್ಸತ್ತೆ. ಮೂರಲ್ಲಿ ಒಂದು ಪಾಲು ಮೀಟರೇ ತಿಂದಂಗಾಯ್ತು. ಅಗ್ಗದ ಚಾರ್ಜರ್ ಮೋಸ ಮಾಡತ್ತೆ ನಿಜ, ಅದು ಮಾಡದೇ ಇರೋ ಮೋಸನೂ ಅದರ ತಲೆಗೆ ಕಟ್ಟೋದು ಬೇಡ.

10 ಆಂಪ್ ತೂತು ಪರವಾಗಿಲ್ಲ, ಅಲ್ಲಿ ಒಳಗಿನ ರೆಸಿಸ್ಟೆನ್ಸ್ ತುಂಬಾ ಕಮ್ಮಿ. ಅಗ್ಗದ ಮೀಟರಲ್ಲಿ ಅದು 0.01 ಆಂಪ್ ಲೆಕ್ಕದಲ್ಲಿ ತೋರ್ಸತ್ತೆ, ಅಂದ್ರೆ 10 ಎಂಎ ಆಚೀಚೆ. ಒಂದು ಅಂದಾಜಿಗೆ ಸಾಕು, ಚಾರ್ಜ್ ಮುಗಿಯೋ ಹೊತ್ತಿನ ಸಣ್ಣ ಕರೆಂಟ್ ನೋಡಕ್ಕೆ ಸಾಕಾಗಲ್ಲ. ಜೊತೆಗೆ ಅಪಾಯ ಒಂದಿದೆ. ಕೆಂಪು ವೈರ್ 10 ಆಂಪ್ ತೂತಲ್ಲೇ ಇರೋದು ಮರೆತು ಸೆಲ್ಲಿನ ವೋಲ್ಟೇಜ್ ನೋಡೋಣ ಅಂತ ಎರಡು ತುದಿಗೆ ಪ್ರೋಬ್ ಇಟ್ರೆ ಅದು ನೇರ ಶಾರ್ಟ್. ನಾನು ಮಾಡಿದೀನಿ. ಚಟ್ ಅಂತ ಕಿಡಿ, ಪ್ರೋಬಿನ ತುದಿ ಸೆಲ್ಲಿಗೆ ಅಂಟ್ಕೊಂಡು, ಒಂದೇ ಸೆಕೆಂಡಲ್ಲಿ ವೈರ್ ಸುಟ್ಟ ವಾಸನೆ. ಅವತ್ತಿಂದ ಒಂದು ಅಭ್ಯಾಸ, ಕರೆಂಟ್ ಅಳೆದಾದ ತಕ್ಷಣ ಬೇರೆ ಏನೂ ಮುಟ್ಟದೆ ವೈರನ್ನ ವೋಲ್ಟ್ ತೂತಿಗೆ ವಾಪಸ್ ಹಾಕೋದು.

ಕ್ಲಾಂಪ್ ಮೀಟರ್ ಇದೆ ಅಂತ ಕೆಲವರು ಅದನ್ನ ಹಾಕ್ತಾರೆ. ಎಲೆಕ್ಟ್ರಿಷಿಯನ್‌ಗಳ ಹತ್ರ ಇರೋ ಸಾದಾ ಕ್ಲಾಂಪ್ ಮೀಟರ್ ಎಸಿ ಮಾತ್ರ ಅಳೆಯೋದು, ಸೆಲ್ಲಿಗೆ ಹರಿಯೋ ಡಿಸಿಗೆ ಸೊನ್ನೆನೇ ತೋರ್ಸತ್ತೆ.

ಶಂಟ್ ಮಾಡ್ಕೊಳ್ಳಿ

ಶಂಟ್ ಅಂದ್ರೆ ಕರೆಂಟ್ ಹರಿಯೋ ದಾರೀಲಿ ಹಾಕೋ ತುಂಬಾ ಸಣ್ಣ ರೆಸಿಸ್ಟೆನ್ಸು, ಅದರ ಮೇಲೆ ಬೀಳೋ ವೋಲ್ಟೇಜ್ ನೋಡಿ ಕರೆಂಟ್ ಲೆಕ್ಕ ಹಾಕೋದು. 1 ಓಮ್‌ನ ಹತ್ತು ರೆಸಿಸ್ಟರನ್ನ ಅಕ್ಕಪಕ್ಕ ಇಟ್ಟು, ಕಾಲುಗಳನ್ನ ಆ ಕಡೆದೆಲ್ಲ ಒಟ್ಟಿಗೆ ಈ ಕಡೆದೆಲ್ಲ ಒಟ್ಟಿಗೆ ದಪ್ಪ ತಂತಿಗೆ ಸೋಲ್ಡರ್ ಮಾಡಿ. ಬೆಸುಗೆ ಹಾಕಿದ್ಮೇಲೆ ನೋಡಕ್ಕೆ ಸಣ್ಣ ಏಣಿ ಥರ ಇರತ್ತೆ. ಇದು 0.1 ಓಮ್ ಆಯ್ತು. 1 ಆಂಪ್ ಹರಿದ್ರೆ ಇದರ ಎರಡು ತುದಿ ಮಧ್ಯೆ 100 ಮಿಲಿವೋಲ್ಟ್ ಬರತ್ತೆ, ಅಂದ್ರೆ ಮೀಟರನ್ನ 200 ಮಿಲಿವೋಲ್ಟ್ ರೇಂಜಿಗೆ ಇಟ್ಟು ಬಂದಿದ್ದನ್ನ ಹತ್ತರಿಂದ ಗುಣಿಸಿದ್ರೆ ಎಂಎ. 28.0 ಅಂತ ತೋರ್ಸಿದ್ರೆ 280 ಎಂಎ. ಒಂದೇ 0.1 ಓಮ್‌ನ ಬಿಳಿ ಸಿಮೆಂಟ್ ರೆಸಿಸ್ಟರೂ ಸಿಗತ್ತೆ, ಆದ್ರೆ ಅದು ಸಾಮಾನ್ಯವಾಗಿ ಶೇಕಡಾ 5 ಆಚೀಚೆದು, ಹತ್ತು ಒಳ್ಳೆ ರೆಸಿಸ್ಟರ್ ಸೇರಿಸಿದ್ರೆ ಬಿಸಿನೂ ಆಗಲ್ಲ ನಂಬಿಕೆನೂ ಜಾಸ್ತಿ.

ಇಲ್ಲಿ ಒಂದು ಸೂಕ್ಷ್ಮ. ಮಿಲಿವೋಲ್ಟ್ ನೋಡೋ ಎರಡು ವೈರನ್ನ ಏಣಿಯ ಬುಡಕ್ಕೇ ಬೇರೆಯಾಗಿ ಸೋಲ್ಡರ್ ಮಾಡಿ, ಕರೆಂಟ್ ಹರಿಯೋ ವೈರಿನ ಆ ತುದಿಗಲ್ಲ. 0.1 ಓಮ್ ಅನ್ನೋದು ಎಷ್ಟು ಸಣ್ಣದು ಅಂದ್ರೆ ಒಂದು ಅಡಿ ತೆಳು ವೈರ್ ಸೇರ್ಕೊಂಡ್ರೇನೇ ಲೆಕ್ಕ ಎಕ್ಕುಟ್ಟೋಗತ್ತೆ. ಮಾಡಿದ್ಮೇಲೆ ಒಂದ್ಸಲ ಮೀಟರಿನ 10 ಆಂಪ್ ರೇಂಜ್ ಜೊತೆ ಸಾಲಲ್ಲಿ ಹಾಕಿ ಎರಡೂ ಹೆಚ್ಚುಕಮ್ಮಿ ಒಂದೇ ಹೇಳ್ತವಾ ಅಂತ ನೋಡ್ಕೊಂಡುಬಿಡಿ.

ಮದುವೆ ಕಾರ್ಡಿನ ಪಟ್ಟಿ

ಇನ್ನು ಈ ಶಂಟನ್ನ ಚಾರ್ಜರಿಗೂ ಸೆಲ್ಲಿಗೂ ಮಧ್ಯೆ ಸೇರಿಸೋದು ಹೇಗೆ? ಚಾರ್ಜರ್ ಬಿಚ್ಚೋದು ಬೇಡ, ವೈರ್ ಕತ್ತರಿಸೋದೂ ಬೇಡ. ಮದುವೆ ಕಾರ್ಡಿನ ಗಟ್ಟಿ ಹಾಳೆಯಿಂದ ಒಂದು ಸೆಂಟಿಮೀಟರ್ ಅಗಲ, ನಾಲ್ಕು ಸೆಂಟಿಮೀಟರ್ ಉದ್ದದ ಪಟ್ಟಿ ಕತ್ತರಿಸ್ಕೊಳ್ಳಿ. ಒಂದು ಮುಖಕ್ಕೆ ಕಾಪರ್ ಟೇಪ್ ಅಂಟ್ಸಿ, ತಿರುಗ್ಸಿ ಇನ್ನೊಂದು ಮುಖಕ್ಕೂ ಅಂಟ್ಸಿ, ಎರಡೂ ಅಂಚಲ್ಲಿ ಒಂದಕ್ಕೊಂದು ತಾಗ್ಬಾರ್ದು, ಅದಕ್ಕೆ ಟೇಪನ್ನ ಕಾರ್ಡಿಗಿಂತ ಒಂದೆರಡು ಮಿಲಿಮೀಟರ್ ಕಿರಿದು ಮಾಡಿ. ಎರಡು ಮುಖಕ್ಕೂ ಮೇಲ್ತುದೀಲಿ ಒಂದೊಂದು ದಪ್ಪ ಗಿಡ್ಡ ವೈರ್ ಸೋಲ್ಡರ್ ಮಾಡಿ, ಆ ಎರಡು ವೈರಿನ ಮಧ್ಯೆ ಶಂಟ್. ಈ ಪಟ್ಟಿಯನ್ನ ಸೆಲ್ಲಿನ ಮೈನಸ್ ಕಡೆ, ಚಾರ್ಜರಿನ ಸ್ಪ್ರಿಂಗಿಗೂ ಸೆಲ್ಲಿಗೂ ಮಧ್ಯೆ ತೂರ್ಸಿ. ಸ್ಪ್ರಿಂಗ್ ಒತ್ತಿ ಹಿಡ್ಕೊಳತ್ತೆ. ಈಗ ಚಾರ್ಜರಿಂದ ಸೆಲ್ಲಿಗೆ ಹರಿಯೋ ಕರೆಂಟೆಲ್ಲ ಶಂಟ್ ಮೂಲಕವೇ ಹರೀಬೇಕು.

ಸೆಲ್ ಹಾಕೋ ಮುಂಚೆ ಪಟ್ಟಿಯ ಎರಡು ಮುಖ ಒಂದಕ್ಕೊಂದು ತಾಗಿಲ್ಲ ಅಂತ ಮೀಟರನ್ನ ಬೀಪ್ ಮೋಡಿಗೆ (ಕಂಟಿನ್ಯುಟಿ) ಹಾಕಿ ನೋಡಿ, ಶಂಟ್ ಹಾಕೋಕೆ ಮುಂಚೆನೇ ನೋಡ್ಬೇಕು, ಹಾಕಿದ್ಮೇಲೆ 0.1 ಓಮ್‌ಗೆ ಬೀಪ್ ಆಗೇ ಆಗತ್ತೆ. ನನ್ನ ಮೊದಲನೇ ಪಟ್ಟಿ ಅಂಚಲ್ಲಿ ತಾಗ್ತಿತ್ತು, ಅರ್ಧ ಕರೆಂಟ್ ಅಲ್ಲೇ ದಾಟ್ಕೊಂಡು ಹೋಗಿ ಮೀಟರಲ್ಲಿ ಎಷ್ಟೋ ಬರ್ತಿತ್ತು, ಒಂದು ಸಂಜೆ ಪೂರ್ತಿ ಹಾಳು.

ಅಳೆಯೋದು

ಸೆಲ್ಲನ್ನ ಟಾರ್ಚಲ್ಲಿ ಹಾಕಿ ಮಂಕಾಗೋ ತನಕ ಉರ್ಸಿ, ತೆಗೆದು ಅರ್ಧ ಗಂಟೆ ಸುಮ್ನೆ ಬಿಡಿ. 3.3, 3.4 ವೋಲ್ಟ್ ಇದ್ರೆ ಸರಿ. ಪಟ್ಟಿ ಸಮೇತ ಚಾರ್ಜರಿಗೆ ಹಾಕಿ, ಸ್ವಿಚ್ ಆನ್ ಮಾಡಿ, ಎರಡು ನಿಮಿಷ ಬಿಟ್ಟು ಮೊದಲನೇ ರೀಡಿಂಗ್ ತಗೊಳ್ಳಿ. ಆಮೇಲೆ ಪ್ರತಿ ಹದಿನೈದು ನಿಮಿಷಕ್ಕೆ ಟೈಮು, ಸೆಲ್ಲಿನ ವೋಲ್ಟೇಜು, ಶಂಟಿನ ಮಿಲಿವೋಲ್ಟು, ಮೂರೇ ಮೂರು ಕಾಲಂ ಒಂದು ನೋಟ್‌ಬುಕ್ಕಲ್ಲಿ. ಚಾರ್ಜರ್ ನಿಧಾನದ್ದಾದ್ರೆ ಅರ್ಧ ಗಂಟೆಗೊಂದ್ಸಲ ಸಾಕು. ಸೆಲ್ಲಿನ ವೋಲ್ಟೇಜ್ ನೋಡೋದು ಸೆಲ್ಲಿನ ಮೈಗೇ ತಾಗೋ ಜಾಗದಲ್ಲಿ, ಅಂದ್ರೆ ಪ್ಲಸ್ ತುದಿ ಮತ್ತೆ ಪಟ್ಟಿಯ ಸೆಲ್ ಕಡೆ ಮುಖ, ಚಾರ್ಜರಿನ ಸ್ಪ್ರಿಂಗ್ ಅಲ್ಲ. ಇದಕ್ಕೂ ಮುಂಚೆನೇ ಎರಡು ವೈರ್ ಹಚ್ಚಿಟ್ಕೊಂಡ್ರೆ ಆನ್ ಇರೋವಾಗ ಕೈ ಹಾಕೋ ಪ್ರಮೇಯ ಬರಲ್ಲ.

ಚಿಕ್ಕಪ್ಪನ ಚಾರ್ಜರಿಂದ ನಂಗೆ ಬಂದಿದ್ದು ಹಿಂಗೆ:

3.42 ವೋಲ್ಟಲ್ಲಿ 415 ಎಂಎ
3.70 ವೋಲ್ಟಲ್ಲಿ 280 ಎಂಎ
3.90 ವೋಲ್ಟಲ್ಲಿ 170 ಎಂಎ
4.05 ವೋಲ್ಟಲ್ಲಿ 95 ಎಂಎ

ಇದನ್ನ ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ. ವೋಲ್ಟೇಜ್ 3.42ರಿಂದ 3.70ಕ್ಕೆ ಅಂದ್ರೆ 0.28 ಏರಿದಾಗ ಕರೆಂಟ್ 0.135 ಆಂಪ್ ಇಳೀತು, ಭಾಗಿಸಿದ್ರೆ ಸುಮಾರು 2 ಓಮ್. 3.90ರಿಂದ 4.05ಕ್ಕೂ ಲೆಕ್ಕ ಹಾಕಿ, ಅಲ್ಲೂ 2. ಇಡೀ ಚಾರ್ಜರ್ ಅಂದ್ರೆ 4.24 ವೋಲ್ಟಿನ ಹಿಂದೆ 2 ಓಮ್, ಅಷ್ಟೆ. ಇದು 1000 ಎಂಎ ಯಾವಾಗ್ಲಾದ್ರೂ ಕೊಡತ್ತಾ? ಈ ಲೆಕ್ಕದ ಪ್ರಕಾರ ಸೆಲ್ 2.24 ವೋಲ್ಟಲ್ಲಿದ್ದಾಗ ಕೊಡ್ಬಹುದು, ಆ ಸ್ಥಿತಿಲಿರೋ ಸೆಲ್‌ನ ಚಾರ್ಜಿಗೆ ಹಾಕಲೇಬಾರ್ದು.

ಎಷ್ಟು ತುಂಬಿದೆ ಅಂತ ತಿಳಿಯಕ್ಕೆ ಹದಿನೈದು ನಿಮಿಷದ ರೀಡಿಂಗ್‌ಗಳನ್ನೆಲ್ಲ ಕೂಡಿ ನಾಲ್ಕರಿಂದ ಭಾಗಿಸಿ, ಅರ್ಧ ಗಂಟೆದಾದ್ರೆ ಎರಡರಿಂದ. ಅದು ಸೆಲ್ಲಿಗೆ ಹೋಗಿರೋ ಎಂಎಎಚ್. ಚಿಕ್ಕಪ್ಪ ರಾತ್ರಿ 10ಕ್ಕೆ ಹಾಕಿ ಬೆಳಗ್ಗೆ 5ಕ್ಕೆ ತೆಗೀತಿದ್ರು. ಆ ಏಳು ಗಂಟೆಗೆ ನನ್ನ ಲೆಕ್ಕದಲ್ಲಿ ಹೋಗಿದ್ದು 1640. 2600ರ ಸೆಲ್ಲು ಮೂರರಲ್ಲಿ ಎರಡು ಪಾಲೂ ತುಂಬಿಲ್ಲ. ಮಧ್ಯೆ ಒಂದೆರಡು ಗಂಟೆ ಕರೆಂಟ್ ಹೋಯ್ತು ಅಂದ್ರಂತೂ ಕೇಳೋದೇ ಬೇಡ. ಲೇಬಲ್ ನಿಜ ಆಗಿದ್ರೆ ಮೂರು, ಮೂರೂವರೆ ಗಂಟೇಲಿ ಪೂರ್ತಿ ಆಗ್ಬೇಕಿತ್ತು. ಪಾಪ ಸೆಲ್ ಬೈಸ್ಕೊಂಡಿದ್ದು ಸುಮ್ಮನೆ.

ರೀಡಿಂಗ್ ಒಂದೇ ಕಡೆ ನಿಲ್ಲದೆ ಕುಣೀತಾ ಇದ್ರೆ ಚಾರ್ಜರ್ ಕರೆಂಟನ್ನ ತುಂಡು ತುಂಡಾಗಿ ಬಿಡ್ತಿದೆ ಅಂತ ಅರ್ಥ. ಶಂಟಿಗೂ ಮೀಟರಿಗೂ ಮಧ್ಯೆ ಒಂದು ವೈರಲ್ಲಿ 1 ಕಿಲೋ ಓಮ್ ರೆಸಿಸ್ಟರ್, ಮೀಟರಿನ ಎರಡು ತುದಿ ಮೇಲೆ ಒಂದು 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ, ಸರಾಸರಿ ನಿಂತು ಕಾಣತ್ತೆ.

ಯುಎಸ್‌ಬಿ ಚಾರ್ಜರ್ ಆದ್ರೆ

ಇಲ್ಲಿ ಯುಎಸ್‌ಬಿ ಮೀಟರ್ ಸಿಗಿಸಿ ಇನ್‌ಪುಟ್ ಕರೆಂಟ್ ನೋಡೋ ಸುಲಭ ದಾರಿ ಇದೆ, ಆದ್ರೆ ಅದನ್ನ ಅರ್ಥ ಮಾಡ್ಕೊಂಡು ನೋಡ್ಬೇಕು.

ಟಿಪಿ4056 ಅನ್ನೋ ಎಂಟು ಕಾಲಿನ ಐಸಿ ಇರೋ ಮಾಡ್ಯೂಲ್ ಮತ್ತೆ ಅದೇ ಐಸಿ ಇರೋ ಒಂದು ಸೆಲ್ಲಿನ ಚಾರ್ಜರ್‌ಗಳು ಎಲ್ಲ ಕಡೆ ಇವೆ. ಇದು ಲೀನಿಯರ್, ಅಂದ್ರೆ ಒಳಗೆ ಎಷ್ಟು ಕರೆಂಟ್ ಹೋಗತ್ತೋ ಹೆಚ್ಚುಕಮ್ಮಿ ಅಷ್ಟೇ ಸೆಲ್ಲಿಗೂ ಹೋಗತ್ತೆ, ಉಳಿದ ವೋಲ್ಟೇಜ್ ಬಿಸಿಯಾಗಿ ಹೋಗತ್ತೆ. ಇದಕ್ಕೆ ಯುಎಸ್‌ಬಿ ಮೀಟರ್ ಸಾಕು. ಇದರ ಕರೆಂಟ್ ನಿರ್ಧಾರ ಮಾಡೋದು ಒಂದು ಪುಟ್ಟ ರೆಸಿಸ್ಟರ್, 1200ನ್ನ ಆ ರೆಸಿಸ್ಟರಿನ ಓಮ್‌ನಿಂದ ಭಾಗಿಸಿದ್ರೆ ಆಂಪ್ ಸಿಗತ್ತೆ. ಮೇಲೆ 122 ಅಂತ ಬರ್ದಿದ್ರೆ 1200 ಓಮ್, ಅಂದ್ರೆ 1 ಆಂಪ್, ಅದಕ್ಕಿಂತ ಜಾಸ್ತಿ ಆ ಐಸಿ ಕೊಡಲ್ಲ. ಟಿಪಿ4056 ಒಂದೇ ಇರೋ ಬೋರ್ಡ್ ಮೇಲೆ 2 ಆಂಪ್ ಅಂತ ಯಾರಾದ್ರೂ ಬರ್ದಿದ್ರೆ ಅಳೆಯೋ ಶ್ರಮನೂ ಬೇಡ.

ಈ ಐಸಿ ತುಂಬಾ ಬಿಸಿಯಾದ್ರೆ ತಾನಾಗೇ ಕರೆಂಟ್ ಇಳ್ಸತ್ತೆ. ಸೆಲ್ 3.0 ವೋಲ್ಟಲ್ಲಿದ್ದು 1 ಆಂಪ್ ಹರಿದ್ರೆ 2 ವ್ಯಾಟ್ ಬಿಸಿ, ಉಗುರಿನಷ್ಟಿರೋ ಐಸಿ ಮೇಲೆ. ಹಂಗಾಗಿ ಖಾಲಿ ಸೆಲ್ಲಲ್ಲಿ ಕಮ್ಮಿ ತೋರ್ಸಿ, ಸ್ವಲ್ಪ ತುಂಬಿದ್ಮೇಲೆ ಜಾಸ್ತಿ ತೋರ್ಸಿದ್ರೆ ಗಾಬರಿ ಆಗ್ಬೇಡಿ, ಗೋಡೆ ಚಾರ್ಜರಿಗೆ ಪೂರ್ತಿ ಉಲ್ಟಾ ನಡವಳಿಕೆ ಇದು. ಸೆಲ್ ಸುಮಾರು 2.9ಕ್ಕಿಂತ ಕೆಳಗಿದ್ರೆ ಬೇಕಂತಲೇ ಹತ್ತನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ, 1 ಆಂಪಿಗೆ 130 ಎಂಎ ಸುತ್ತಮುತ್ತ ಮಾತ್ರ ಕೊಡತ್ತೆ. ಇದು ಗೊತ್ತಿಲ್ದೆ ಕೆಲವರು ಸೆಲ್ ಬದಲು 4 ಓಮ್ ರೆಸಿಸ್ಟರ್ ಹಾಕಿ ಟೆಸ್ಟ್ ಮಾಡ್ತಾರೆ. ಐಸಿ ಮೊದ್ಲು 130 ಎಂಎ ಬಿಡತ್ತೆ, 4 ಓಮ್ ಮೇಲೆ ಅರ್ಧ ವೋಲ್ಟ್ ಬರತ್ತೆ, ಐಸಿಗೆ ಸೆಲ್ ತೀರಾ ಖಾಲಿ ಇದೆ ಅನ್ಸಿ ಅಲ್ಲೇ ಕೂತ್ಬಿಡತ್ತೆ. ಚಾರ್ಜರ್ ಸರಿಯಾಗೇ ಇದೆ, ಟೆಸ್ಟೇ ತಪ್ಪು. ಸೆಲ್ಲನ್ನೇ ಹಾಕಿ.

ಎರಡು, ನಾಲ್ಕು ಸೆಲ್ಲಿನ ಸ್ವಲ್ಪ ದುಬಾರಿ ಚಾರ್ಜರ್‌ಗಳು ಸ್ವಿಚಿಂಗ್ ಥರದವು ಆಗಿರ್ಬಹುದು, ಅಂದ್ರೆ ಹೆಚ್ಚಿನ ವೋಲ್ಟೇಜನ್ನ ಬಿಸಿಯಾಗಿ ಕಳೆಯದೆ ಕರೆಂಟನ್ನ ವೇಗವಾಗಿ ಆನ್ ಆಫ್ ಮಾಡ್ತಾ ಇಳಿಸೋವು. ಅಲ್ಲಿ ಇನ್‌ಪುಟ್ ಕರೆಂಟೂ ಔಟ್‌ಪುಟ್ ಕರೆಂಟೂ ಒಂದೇ ಅಲ್ಲ, ವ್ಯಾಟ್ ಲೆಕ್ಕ ಹಾಕ್ಬೇಕು. 5 ವೋಲ್ಟಲ್ಲಿ 1 ಆಂಪ್ ಒಳಗೆ ಹೋದ್ರೆ 5 ವ್ಯಾಟ್, ಅದರಲ್ಲಿ ಶೇಕಡಾ 85 ಆಚೆ ಬರತ್ತೆ ಅಂತ ಇಟ್ಕೊಂಡ್ರೆ 4.25, ಅದನ್ನ ಸೆಲ್ಲಿನ 3.8 ವೋಲ್ಟಿಂದ ಭಾಗಿಸಿದ್ರೆ 1.1 ಆಂಪ್. ಲೀನಿಯರಾ ಸ್ವಿಚಿಂಗಾ ಅಂತ ಬಿಚ್ಚದೇ ತಿಳಿಯೋ ಉಪಾಯ: ಸೆಲ್ಲಿನ ವೋಲ್ಟೇಜ್ 3.5ರಿಂದ 4.0ಕ್ಕೆ ಏರ್ತಾ ಇದ್ದಾಗ ಇನ್‌ಪುಟ್ ಕರೆಂಟ್ ಅಲ್ಲಾಡದೆ ಇದ್ರೆ ಲೀನಿಯರ್, ನಿಧಾನಕ್ಕೆ ಏರ್ತಾ ಹೋದ್ರೆ ಸ್ವಿಚಿಂಗ್.

ಇನ್ನೊಂದು, ಯುಎಸ್‌ಬಿ ಚಾರ್ಜರ್ ಬಗ್ಗೆ ಬರೋ ದೂರುಗಳಲ್ಲಿ ನಂಗೆ ಕಂಡಂಗೆ ತುಂಬಾ ಸಲ ತಪ್ಪು ಕೇಬಲ್ಲಿಂದು. ತೆಳು ಕೇಬಲಲ್ಲಿ ಅರ್ಧ ಓಮ್ ಇದ್ರೆ 1 ಆಂಪಿಗೆ ಅರ್ಧ ವೋಲ್ಟ್ ಅಲ್ಲೇ ಖಾಲಿ, ಚಾರ್ಜರಿಗೆ ಸಿಗೋದು 4.5. ಲೀನಿಯರ್ ಐಸಿಗೆ ಪೂರ್ತಿ ಕರೆಂಟ್ ಕೊಡಕ್ಕೆ ಸೆಲ್ಲಿಗಿಂತ ಅರ್ಧ ಮುಕ್ಕಾಲು ವೋಲ್ಟ್ ಮೇಲಿರ್ಬೇಕು, 4.0ರ ಸೆಲ್ಲಿಗೆ 4.5 ಸಾಲದೇ ಹೋಗ್ಬಹುದು. ಮೀಟರನ್ನ ಅಡಾಪ್ಟರ್ ಕಡೆ ಅಲ್ಲ, ಕೇಬಲಿನ ಈ ತುದೀಲಿ, ಚಾರ್ಜರ್ ಪಕ್ಕ ಸಿಗ್ಸಿ ವೋಲ್ಟೇಜ್ ನೋಡಿ. 4.7ಕ್ಕಿಂತ ಕೆಳಗೆ ಬೀಳ್ತಿದ್ರೆ ಮೊದ್ಲು ಕೇಬಲ್, ಆಮೇಲೆ ಅಡಾಪ್ಟರ್ ಬದಲಾಯಿಸಿ ನೋಡಿ, ಆಮೇಲೆ ಚಾರ್ಜರ್‌ನ ಬೈಯೋಣ.

ಎರಡು ಸೆಲ್ಲಿನ ಚಾರ್ಜರಲ್ಲಿ ಒಂದು ಸೆಲ್ ಹಾಕಿ ಒಂದ್ಸಲ, ಎರಡೂ ಹಾಕಿ ಇನ್ನೊಂದ್ಸಲ ಅಳೀರಿ. ಡಬ್ಬಿ ಮೇಲೆ ದಪ್ಪಕ್ಕೆ 1000 ಅಂತಿರತ್ತೆ, ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ 500 ಇಂಟು 2 ಅಂತ. ಅದು ಮೋಸ ಅಂತ ನಾನು ಹೇಳಲ್ಲ, ಬರ್ದಿದ್ದಾರಲ್ಲ, ಓದ್ಕೊಳ್ಳಬೇಕಾಗಿದ್ದು ನಾವು. ಆದ್ರೆ ಕೆಲವರು ಇನ್‌ಪುಟ್‌ನ 2 ಆಂಪ್‌ನೇ ದೊಡ್ಡದಾಗಿ ಬರ್ದು ಔಟ್‌ಪುಟ್ ವಿಷಯನೇ ಎತ್ತಲ್ಲ, ಅದು ಬೇಕಂತಲೇ ಮಾಡೋದು.

ಕರೆಂಟಿಗಿಂತ ಇದನ್ನ ನೋಡಿ

ಇಷ್ಟೆಲ್ಲ ಮಾಡಿದ್ಮೇಲೆ ಕೊನೇ ಅರ್ಧ ಗಂಟೆ ಬಿಟ್ಟು ಎದ್ದೋಗ್ಬೇಡಿ, ನನ್ನ ಪ್ರಕಾರ ಅಸಲಿ ಟೆಸ್ಟ್ ಅದೇ. ಹಸಿರು ಲೈಟ್ ಬಂದಾಗ ಸೆಲ್ಲಿನ ಮೇಲೆ ಎಷ್ಟು ವೋಲ್ಟ್ ಇದೆ? 4.15ರಿಂದ 4.22ರ ಒಳಗಿದ್ರೆ ಖುಷಿ. 4.25 ದಾಟಿದ್ರೆ ಆ ಚಾರ್ಜರ್ ಎಷ್ಟೇ ಜೋರಾಗಿ ಚಾರ್ಜ್ ಮಾಡ್ಲಿ, ನಾನಂತೂ ಇಟ್ಕೊಳಲ್ಲ. ಕರೆಂಟ್ ಕಮ್ಮಿ ಅಂದ್ರೆ ಕಾಯ್ಬೇಕು ಅಷ್ಟೆ, ಸೆಲ್ಲಿಗೆ ಅದರಿಂದ ಒಳ್ಳೇದೇ ಅನ್ನಿ. ಜಾಸ್ತಿ ವೋಲ್ಟೇಜ್ ಹಂಗಲ್ಲ, ಸೆಲ್ ಬೇಗ ಸಾಯತ್ತೆ, ಕೆಟ್ಟ ಗಳಿಗೇಲಿ ಹೊತ್ತಿನೂ ಉರಿಯತ್ತೆ.

ಹಸಿರು ಬಂದ್ಮೇಲೆ ಶಂಟ್ ನೋಡಿ. ಸೊನ್ನೆ ಆಗಿರ್ಬೇಕು. 20, 30 ಎಂಎ ಹರೀತಾನೇ ಇದ್ರೆ ಹಸಿರು ಲೈಟ್ ಬರೀ ಶೋಕಿಗೆ, ಕಟ್ ಆಗ್ತಿಲ್ಲ. ಅಂಥದ್ರಲ್ಲಿ ಸೆಲ್ಲನ್ನ ಮರೆತು ಎರಡು ದಿನ ಬಿಟ್ರೆ ಒಳ್ಳೇದಲ್ಲ. ಡಬ್ಬಿ ಮೇಲೆ ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ಗುರುತು, ಆರ್ ಅಕ್ಷರದ ಮುಂದೆ ಎಂಟು ಅಂಕಿ ಇದ್ರೆ ಬಿಐಎಸ್ ಕೇರ್ ಆ್ಯಪಲ್ಲಿ ಆ ನಂಬರ್ ಹಾಕಿ ನಿಜವಾ ಅಂತ ನೋಡ್ಬಹುದು. ಅದು ಸುರಕ್ಷತೆಗೆ ಸಂಬಂಧಪಟ್ಟಿದ್ದು, 1000 ಅಂದ್ರೆ 1000 ಬರತ್ತೆ ಅನ್ನೋ ಗ್ಯಾರಂಟಿ ಅಲ್ಲ.

ಎಷ್ಟು ಕಮ್ಮಿ ಬಂದ್ರೆ ಮೋಸ ಅನ್ನೋದು? ನಿಮ್ಮ ಶಂಟು, ಮೀಟರು ಎಲ್ಲ ಸೇರಿ ಶೇಕಡಾ ಮೂರು ನಾಲ್ಕು ಆಚೀಚೆ ಆಗತ್ತೆ, ಚಾರ್ಜರಿಗೂ ಹತ್ತು ಪರ್ಸೆಂಟ್ ವಿನಾಯಿತಿ ಕೊಡಿ. 3.7 ವೋಲ್ಟಲ್ಲಿ 1000ಕ್ಕೆ 850 ಬಂದ್ರೆ ನಾನು ಸುಮ್ನಿರ್ತೀನಿ. 500 ಬಂದ್ರೆ ವಾಪಸ್. ಆನ್‌ಲೈನಲ್ಲಿ ತಗೊಂಡಿದ್ರೆ ರಿಟರ್ನ್ ಟೈಮ್ ಮುಗಿಯೋಕೆ ಮುಂಚೆ ಲೇಬಲ್ಲು, ಸೆಲ್ಲಿನ ವೋಲ್ಟೇಜು, ಶಂಟಿನ ರೀಡಿಂಗು ಮೂರೂ ಒಂದೇ ಫ್ರೇಮಲ್ಲಿ ಬರೋ ಹಂಗೆ ಫೋಟೋ ಹೊಡೆದು ಕಳ್ಸಿ. ಬರೀ "ಸ್ಲೋ ಚಾರ್ಜಿಂಗ್" ಅಂತ ಬರೆದ್ರೆ "ಒರಿಜಿನಲ್ ಕೇಬಲ್ ಯೂಸ್ ಮಾಡಿ ಸರ್" ಅಂತ ಸಾಗ್ಹಾಕ್ತಾರೆ, ನಂಗೆ ಒಬ್ಬ ಸೆಲ್ಲರ್ ಗೋಡೆ ಚಾರ್ಜರಿಗೇ ಹಂಗಂದಿದ್ದ, ಅದರಲ್ಲಿ ಕೇಬಲ್ಲೇ ಇರ್ಲಿಲ್ಲ. ಫೋಟೋ ಕಳ್ಸಿದ್ಮೇಲೆ ದುಡ್ಡು ವಾಪಸ್ ಬಂತು. ಕೇಳ್ಲೇ ಇಲ್ಲ ಅಂದ್ರೆ ಗ್ರಾಹಕರ ಸಹಾಯವಾಣಿ 1915 ಇದ್ದೇ ಇದೆ.

ಚಿಕ್ಕಪ್ಪಂಗೆ ಈಗ ಸ್ಲಾಟಿಗೆ 500 ಎಂಎ ಅಂತ ಬರ್ದಿರೋ, ಅಳೆದಾಗ 480 ಬಂದ ಎರಡು ಸೆಲ್ಲಿನ ಚಾರ್ಜರ್ ಕೊಟ್ಟಿದೀನಿ. ಹಳೇದನ್ನ ಬಿಸಾಕಿ ಅಂದ್ರೆ ಕೇಳಲ್ಲ, "ಸರಿಯಾಗೇ ಉಂಟಲ್ಲ, ನಿಧಾನ ಅಷ್ಟೆ" ಅಂತಾರೆ. 4.24 ನನ್ನ ಗೆರೆಗೆ ಕೂದಲೆಳೆ ಕೆಳಗಿರೋದ್ರಿಂದ ನಾನೂ ಜಾಸ್ತಿ ಜಗಳ ಆಡ್ಲಿಲ್ಲ, ಅದರ ಬೆನ್ನಿನ 1000 ಮೇಲೆ ಬಿಳಿ ಟೇಪ್ ಅಂಟ್ಸಿ ಮಾರ್ಕರಲ್ಲಿ 280 ಅಂತ ಬರ್ದು, ಕೆಳಗೆ "ಬೆಳಗ್ಗೆ ತೆಗೀಬೇಕು" ಅಂತ ಸೇರ್ಸಿ, ಜಗಲಿಯ ಮೊಳೆಗೆ ನೇತುಹಾಕಿ ಬಂದೆ.